ಹಿಂದಿನ ಇರಸು

ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದಿದ್ದ ಪ್ರಸಂಗವಿದು. ನಮ್ಮ ಮನೆಯ ಹಳೆಯ ಮಾರಿಸ್ ಮೈನರ್ ಕಾರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಶಾಲಾ ವಾರ್ಷಿಕೋತ್ಸವಕ್ಕೆ ಧ್ವನಿವರ್ಧಕವನ್ನು ಹೊತ್ತು ತರುತ್ತಿದ್ದುದೂ, ಕ್ರೀಡಾಕೂಟದಲ್ಲಿ ಕಾಲು ಮುರಿದುಕೊಂಡ ಹುಡುಗನನ್ನು ಆಸ್ಪತ್ರೆಗೆ ಕೊಂಡೊಯ್ದುದೂ ಅದೇ. ನೀವೆಲ್ಲ ಅದನ್ನು ಬೆನ್ನ ಹಿಂದೆ ‘ಮೇಷ್ಟ್ರ ಆಮೆ’ ಎಂದು ಕರೆಯುತ್ತಿದ್ದಿರಿ. ನನಗೆ ತಿಳಿಯದೆಂದು ಭಾವಿಸಿದ್ದಿರಿ, ತಿಳಿದಿತ್ತು. ದೂರವಾಣಿಯಲ್ಲಿ ಮಾತನಾಡುವವರೆಲ್ಲ ನನ್ನ ಆರೋಗ್ಯವನ್ನು ವಿಚಾರಿಸಿದ ಮೇಲೆ ಕಾರಿನ ಆರೋಗ್ಯವನ್ನೂ ವಿಚಾರಿಸುತ್ತಾರೆ. ಅದು ಇನ್ನೂ ಇದೆ, ಓಡುತ್ತಲೂ ಇದೆ. ಅದು ಓಡುವಂತಾದ ಕಥೆಯನ್ನೇ ಈ ಸಲ ಹೇಳಹೊರಟಿದ್ದೇನೆ. ಕಥೆಯ ನಡುವೆ ನನ್ನ ಒಂದು ತಪ್ಪೂ ಬರುತ್ತದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಪೂರ್ಣವಾಗದು.

ಕಾರಿನ ಪೂರ್ವಾಪರವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಮೂಡಿಗೆರೆಯ ಸಮೀಪದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಆಂಗ್ಲ ದೊರೆ 1964ರಲ್ಲಿ ತನ್ನ ದೇಶಕ್ಕೆ ಹೊರಟಾಗ ತಾನು ಬಳಸುತ್ತಿದ್ದ ಕಾರನ್ನು ಅಪ್ಪನಿಗೆ ಕೊಟ್ಟುಹೋದ. ಪುಕ್ಕಟೆಯಾಗಿ ಅಲ್ಲ, ಅಪ್ಪ ಅದಕ್ಕೆ ಎರಡು ವರ್ಷ ಕಂತು ಕಟ್ಟಿದರು. 1957ರ ಮಾದರಿ, ‘ಮೈನರ್ 1000’ ಎಂದು ಹೆಸರು, 948 ಸಿ.ಸಿ. ಎಂಜಿನ್ನು, ಅದರ ಬಲ 37 ಕುದುರೆಗಳದು. ಅಲೆಕ್ ಇಸಿಗೋನಿಸ್ ಎಂಬ ಪ್ರಸಿದ್ಧ ವಿನ್ಯಾಸಕಾರ ರೂಪಿಸಿದ ಈ ಕಾರು ಲಂಡನ್ನಿನ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡದ್ದು 1948ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಮಾದರಿ ಸಿದ್ಧವಾದ ಮೇಲೆ ಅದು ತೀರ ಕಿರಿದಾಯಿತೆನ್ನಿಸಿ, ಇಸಿಗೋನಿಸ್ ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿಸಿ, ಹೋಳುಗಳನ್ನು ಸರಿಸಿ ನೋಡಿ, ನಾಲ್ಕು ಅಂಗುಲ ಅಗಲ ಹೆಚ್ಚಿಸಿದನಂತೆ. ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ.

ನಮ್ಮ ಮನೆಯಲ್ಲಿ ಅದಕ್ಕೆ ಮೀಸಲಾದ ಕೆಲಸಗಳಿದ್ದವು: ಮದುವೆ, ಹೆರಿಗೆ, ಆಸ್ಪತ್ರೆ, ಮತ್ತು ವರ್ಷಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬರುವುದು. ಅಪ್ಪ ತೀರಿಕೊಂಡ ಮೇಲೂ ಆ ವಾರ್ಷಿಕ ಯಾತ್ರೆಯನ್ನು ನಾನು ತಪ್ಪಿಸಲಿಲ್ಲ.

2023ರ ಮಳೆಗಾಲ ಮುಗಿಯುತ್ತಿದ್ದಾಗ ಕಾರಿನ ಹಿಂಭಾಗದಿಂದ ಒಂದು ಊಳು ಕೇಳಿಬರತೊಡಗಿತು. ವೇಗವರ್ಧಕವನ್ನು ಒತ್ತಿದರೆ ಊಳು ಏರುತ್ತಿತ್ತು. ಕಾಲು ತೆಗೆದರೆ ಅಡಗುತ್ತಿತ್ತು. ನನ್ನ ಶ್ರೀಮತಿ, “ನಿಮ್ಮ ಕಾರು ಸಂಗೀತಾಭ್ಯಾಸ ಮಾಡುತ್ತಿದೆ” ಎಂದಳು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, “ಅಣ್ಣ, ನಿನಗೀಗ ಎಪ್ಪತ್ತೈದು. ಹಳೆಯ ಕಾರುಗಳನ್ನು ಸಂಗ್ರಹಿಸುವವರು ಒಳ್ಳೆಯ ಬೆಲೆ ಕೊಡುತ್ತಾರೆ, ಕೊಟ್ಟುಬಿಡು” ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ.

ನಮ್ಮೂರಿನಲ್ಲಿ ಹಳೆಯ ವಾಹನಗಳ ಒಳಗುಟ್ಟನ್ನು ಬಲ್ಲ ಮೇಸ್ತ್ರಿ ಒಬ್ಬನೇ. ಅವನ ಗ್ಯಾರೇಜು ನಮ್ಮ ಮನೆಯಿಂದ ಒಂದು ಮೈಲಿಯೂ ಇಲ್ಲ. ಆದರೂ ಅಲ್ಲಿಗೆ ಹೋಗಲು ನಾನು ಮೂರು ವಾರ ಹಿಂದೆಮುಂದೆ ನೋಡಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಅಷ್ಟು ವರ್ಷ ಒಂದೇ ಊರಿನಲ್ಲಿದ್ದರೂ ನಾನು ಕಾರನ್ನು ದೂರದ ಚಿಕ್ಕಮಗಳೂರಿಗೆ ಒಯ್ದು ರಿಪೇರಿ ಮಾಡಿಸುತ್ತಿದ್ದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಅವನ ಹೆಸರನ್ನು ಬರೆಯುವುದಿಲ್ಲ. ಅದು ಅವನದೇ ಇಚ್ಛೆ.

ನಾನು ಹೋದಾಗ ಅವನು ಎದ್ದು ನಿಂತು, ಕೈಯ ಎಣ್ಣೆಯನ್ನು ಒರೆಸಿಕೊಂಡು, “ಬನ್ನಿ ಸಾರ್” ಎಂದ. ಬೇರೇನೂ ಮಾತಿಲ್ಲ. ಕಾರನ್ನು ತಾನೇ ಒಂದು ಸುತ್ತು ಓಡಿಸಿ ತಂದ. ಹಿಂದಿನ ಹೌಸಿಂಗಿನ ತಳದ ಬಿರಡೆಯನ್ನು ಬಿಚ್ಚಿ ಎಣ್ಣೆಯನ್ನು ತಟ್ಟೆಗೆ ಇಳಿಸಿದ. ಕಪ್ಪೆಣ್ಣೆಯಲ್ಲಿ ಬೆಳ್ಳಿಯ ಪುಡಿಯಂತಹ ಮಿಂಚು ಕಾಣಿಸಿತು. “ಹಲ್ಲು ಸವೆದಿದೆ ಸಾರ್. ಬೇರಿಂಗಿನ ಸದ್ದಾಗಿದ್ದರೆ ಕಾಲು ತೆಗೆದರೂ ನಿಲ್ಲುತ್ತಿರಲಿಲ್ಲ” ಎಂದ.

ಇಲ್ಲಿ ಒಂದಿಷ್ಟು ಪಾಠ ಅನಿವಾರ್ಯ; ಮೇಷ್ಟ್ರ ಬರವಣಿಗೆಯಲ್ಲವೇ! ಎತ್ತಿನ ಗಾಡಿಯ ಎರಡು ಚಕ್ರಗಳನ್ನು ಕೂಡಿಸುವ ದಂಡಕ್ಕೆ ನಾವು ಇರಸು ಎನ್ನುತ್ತೇವೆ. ಅಲ್ಲಿ ಇರಸು ತಿರುಗದು, ಚಕ್ರ ಮಾತ್ರ ತಿರುಗುತ್ತದೆ. ಈ ಬಗೆಯ ಕಾರಿನ ಹಿಂದಿನ ಇರಸಾದರೋ ಒಂದು ಟೊಳ್ಳು ಕೊಳವೆ; ಅದರ ನಡುವೆ ಗಡಿಗೆಯಂತಹ ಉಬ್ಬು. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ. ಅದು ಉಬ್ಬಿನೊಳಗಿರುವ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನೊಂದಿಗೆ ಡಿಫರೆನ್ಶಿಯಲ್ ಇರುತ್ತದೆ; ಅದರಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟು ಚಕ್ರಗಳಿಗೆ ಹೋಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಕ್ರಮಿಸಬೇಕಷ್ಟೆ? ಡಿಫರೆನ್ಶಿಯಲ್ ಅದಕ್ಕೆ ಅವಕಾಶ ಕೊಡುತ್ತದೆ. ಅದರ ನಿಯಮ ಒಂದೇ: ಎಡಚಕ್ರದ ಸುತ್ತು ಮತ್ತು ಬಲಚಕ್ರದ ಸುತ್ತುಗಳ ಸರಾಸರಿ ಕ್ರೌನಿನ ಸುತ್ತಿಗೆ ಸಮ. ಒಂದು ಚಕ್ರ ನಿಂತೇಬಿಟ್ಟರೆ ಇನ್ನೊಂದು ಎರಡರಷ್ಟು ತಿರುಗುತ್ತದೆ. ಸರಾಸರಿ ಮಾತ್ರ ಬದಲಾಗದು.

ಈ ನಿಯಮದಿಂದಲೇ ಇರಸನ್ನು ಬಿಚ್ಚದೆ ಅದರ ಅನುಪಾತವನ್ನು ಕಂಡುಹಿಡಿಯಬಹುದು. ಒಂದು ಹಿಂಚಕ್ರವನ್ನು ಜಾಕಿಯಿಂದ ಮೇಲೆತ್ತಿ, ಇನ್ನೊಂದನ್ನು ನೆಲದ ಮೇಲೆ ಬಿಟ್ಟು, ಗೇರನ್ನು ತಟಸ್ಥದಲ್ಲಿಡಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಕ್ರೌನು ಒಂದು ಸುತ್ತು ತಿರುಗಿರುತ್ತದೆ. ಅಷ್ಟರಲ್ಲಿ ಶಾಫ್ಟಿನ ಮೇಲಿನ ಸುಣ್ಣದ ಗುರುತು ಎಷ್ಟು ಸುತ್ತು ಬಂತೆಂದು ಎಣಿಸಿದರಾಯಿತು. ನಾನು ಚಕ್ರ ತಿರುಗಿಸಿದೆ, ಅವನು ಎಣಿಸಿದ. ನಾಲ್ಕೂವರೆಗಿಂತ ಕೊಂಚ ಹೆಚ್ಚು. ಈ ಮಾದರಿಗೆ ಕಾರ್ಖಾನೆ ಹಾಕಿದ್ದೂ ಅದೇ: ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 41; ಅನುಪಾತ 4.55.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಹಳೆಯ ಹೌಸಿಂಗಿಗೆ ಹೊಸ ಕ್ರೌನು-ಪಿನಿಯನ್ ಹಾಕುವುದು. ಇವೆರಡೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವಂತಿಲ್ಲ. ಪಿನಿಯನ್ ಎಷ್ಟು ಒಳಗಿರಬೇಕು, ಹಲ್ಲುಗಳ ನಡುವೆ ಎಷ್ಟು ಸಂದಿರಬೇಕು ಎಂಬುದನ್ನು ತೆಳ್ಳನೆಯ ಬಿಲ್ಲೆಗಳಿಂದ ಕೂದಲೆಳೆಯ ಅಳತೆಯಲ್ಲಿ ಕೂರಿಸಬೇಕು. ತಪ್ಪಿದರೆ ಊಳು ಇಮ್ಮಡಿಯಾಗುತ್ತದೆ. ಎರಡನೆಯದು, ಈಗಿನ ಯಾವುದಾದರೂ ವ್ಯಾನಿನ ಇಡೀ ಇರಸನ್ನೇ ತಂದು ಬೆಸುಗೆ ಹಾಕುವುದು. ಗುಜರಿಯಲ್ಲಿ ಮಾರುತಿ ಓಮ್ನಿಯ ಇರಸು ಬೇಕಾದಷ್ಟು ಸಿಗುತ್ತದೆ. ಆದರೆ ಎರಡು ಚಕ್ರಗಳ ನಡುವಣ ಅಗಲ ಬೇರೆ, ಚಕ್ರದ ಬೋಲ್ಟುಗಳ ಅಂತರ ಬೇರೆ, ಪಟ್ಟಿ ಸ್ಪ್ರಿಂಗು ಕೂರುವ ಜಾಗ ಬೇರೆ. ಶಾಫ್ಟನ್ನೂ ಕತ್ತರಿಸಿ ಕೂಡಿಸಬೇಕು. ಐವತ್ತು ವರ್ಷ ಮೀರಿದ ವಾಹನಗಳನ್ನು ಪಾರಂಪರಿಕವೆಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರ ನಿಯಮಗಳು ಮೂಲರೂಪವನ್ನು ಕೇಳುತ್ತವೆ ಎಂಬುದೂ ನನ್ನ ನೆನಪಿನಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಕಾರಿಗೆ ಬೇರೆ ವಾಹನದ ಕಾಲು ಕಟ್ಟುವುದು ಮನಸ್ಸಿಗೆ ಬರಲಿಲ್ಲ.

ಮೂರನೆಯ ದಾರಿಯೇ ಸುಲಭವಾಗಿ ಕಂಡಿತು. ಈ ಕಾರಿನ ಇರಸಿನ ಒಂದು ಅನುಕೂಲವೆಂದರೆ ಒಳಗಿನ ಕ್ರೌನು, ಪಿನಿಯನ್, ಡಿಫರೆನ್ಶಿಯಲ್ ಮೂರೂ ಒಂದೇ ಗಂಟಾಗಿ ಮುಂಭಾಗದಿಂದ ಹೊರಬರುತ್ತವೆ. ಹೊರಗಿನ ಕೊಳವೆಯನ್ನು ಅಲುಗಿಸಬೇಕಾಗಿಲ್ಲ. ಕಾರ್ಖಾನೆಯಲ್ಲೇ ಹೊಂದಿಸಿದ ಬೇರೊಂದು ಗಂಟನ್ನು ತಂದು ಅದೇ ಬಾಯಿಗೆ ಕೂರಿಸಿದರೆ ಮುಗಿಯಿತು. ಇಂಗ್ಲೆಂಡಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಪತ್ರ ಬರೆದೆ. ಅಲ್ಲಿ ಈ ಕಾರಿಗೆ ಇಂದಿಗೂ ಭಕ್ತರಿದ್ದಾರೆ. ಅವಳು ವಿಚಾರಿಸಿ ಎರಡು ಗಂಟುಗಳಿರುವುದಾಗಿ ತಿಳಿಸಿದಳು. ಒಂದು, 1962ರ ನಂತರದ 1098 ಸಿ.ಸಿ. ಮೈನರಿನದು, 9ಕ್ಕೆ 38, ಅಂದರೆ 4.22. ಇನ್ನೊಂದು ಎಂ.ಜಿ. ಮಿಜೆಟ್ ಎಂಬ ಪುಟ್ಟ ಕ್ರೀಡಾಕಾರಿನದು. 10ಕ್ಕೆ 39, ಅಂದರೆ 3.9. ಒಂದೇ ಕಂಪನಿಯ ಒಂದೇ ವಂಶದ ಇರಸಾದ್ದರಿಂದ ಎರಡೂ ನಮ್ಮ ಕೊಳವೆಗೆ ಕೂರುತ್ತವೆ. “ಯಾವುದು ಬೇಕು ಸಾರ್?” ಎಂದು ಕೇಳಿದಳು.

ನಾನು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಟೈರಿಗೆ ಸುಣ್ಣದ ಗುರುತಿಟ್ಟು ಒಂದು ಸುತ್ತು ಉರುಳಿಸಿ ಅಳೆದಾಗ 185 ಸೆಂಟಿಮೀಟರು ಬಂದಿತ್ತು. ಅಂದರೆ ಕಿಲೋಮೀಟರಿಗೆ ಸುಮಾರು 540 ಸುತ್ತು. ಗಂಟೆಗೆ 60 ಕಿಲೋಮೀಟರು ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನು ಮತ್ತು ಶಾಫ್ಟು ಒಂದೇ ವೇಗದಲ್ಲಿ ತಿರುಗುವುದರಿಂದ, ಆ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ಹಳೆಯ ಗಂಟಿನಲ್ಲಿ ಸುಮಾರು 2460 ಸುತ್ತು, 4.22ರಲ್ಲಿ 2280, 3.9ರಲ್ಲಿ 2110 ಸುತ್ತು ತಿರುಗಬೇಕು. ಕಡಿಮೆ ಸುತ್ತು ಎಂದರೆ ಕಡಿಮೆ ಸದ್ದು, ಕಡಿಮೆ ಸವೆತ. ಉತ್ತರ ಸ್ಪಷ್ಟವಾಗಿತ್ತು. ಕಾಗದವನ್ನು ಹಿಡಿದು ಗ್ಯಾರೇಜಿಗೆ ಹೋಗಿ, 3.9ನ್ನೇ ತರಿಸುತ್ತೇನೆ ಎಂದೆ.

ಅವನು ಕಾಗದವನ್ನು ನೋಡಲಿಲ್ಲ. “ಘಾಟಿ ಹತ್ತಬೇಕಲ್ಲ ಸಾರ್” ಎಂದ. ಪಕ್ಕದ ಅಂಗಡಿಯಿಂದ ಐವತ್ತು ಕಿಲೋದ ಮೂರು ಸಿಮೆಂಟು ಮೂಟೆಗಳನ್ನು ಎರವಲು ತರಿಸಿ ಹಿಂದಿನ ಆಸನದ ಕಡೆ ಹೇರಿಸಿದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಹೊರಗಿನ ಏರಿಗೆ ಹೊರಟ. ಎಂದೂ ಮೂರನೆಯ ಗೇರಿನಲ್ಲಿ ನಿರಾಯಾಸವಾಗಿ ಹತ್ತುತ್ತಿದ್ದ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಎರಡನೆಯ ಗೇರಿಗೆ ಇಳಿಯಬೇಕಾಯಿತು. ಕಡಿದಾದ ತಿರುವಿನಲ್ಲಿ ಅದೂ ಸಾಲದೆ ಒಂದನೆಯದಕ್ಕೆ ಬರಬೇಕಾಯಿತು. ಈ ಕಾರಿನ ಒಂದನೆಯ ಗೇರು, ಬಲ್ಲವರಿಗೆ ಗೊತ್ತು, ಹೆಚ್ಚುಕಡಿಮೆ ನಿಂತ ಮೇಲೆಯೇ ಸದ್ದಿಲ್ಲದೆ ಬೀಳುವಂಥದು. “3.9 ಹಾಕಿದರೆ ಖಾಲಿ ಕಾರೂ ಹೀಗೇ ಹತ್ತುತ್ತೆ ಸಾರ್” ಎಂದ. ಕೆಳಗಿಳಿದು ಎರಡು ಮೂಟೆಗಳನ್ನು ಇಳಿಸಿ, ಒಂದು ಮೂಟೆಯನ್ನೂ ತನ್ನ ಸಾಮಾನಿನ ಪೆಟ್ಟಿಗೆಯನ್ನೂ ಉಳಿಸಿಕೊಂಡು ಮತ್ತೆ ಹತ್ತಿದ. ಈ ಸಲ ಮೂರನೆಯ ಗೇರು ಕೊಂಚ ತಿಣುಕಿದರೂ ಕೈಬಿಡಲಿಲ್ಲ. “ಇದು 4.22.”

ಆ ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಮಾಡಿದೆ. 4.55ನ್ನು 3.9ರಿಂದ ಭಾಗಿಸಿದರೆ 1.17. ಎಂಜಿನ್ನಿನ ಅಷ್ಟೇ ಶ್ರಮಕ್ಕೆ ಚಕ್ರದ ಎಳೆತ ಆ ಪ್ರಮಾಣದಲ್ಲಿ ಕುಗ್ಗುತ್ತದೆ. ಅಂದರೆ ಏರಿನಲ್ಲಿ ಕಾರಿನ ಭಾರ ಶೇಕಡಾ 17ರಷ್ಟು ಹೆಚ್ಚಿದಂತೆ. ಮುಕ್ಕಾಲು ಟನ್ನಿನ ಕಾರು, ನಾವಿಬ್ಬರು ಸೇರಿ ಸುಮಾರು 890 ಕಿಲೋ. ಅದರ ಶೇಕಡಾ 17 ಎಂದರೆ 150 ಕಿಲೋ. ಸರಿಯಾಗಿ ಮೂರು ಮೂಟೆ! 4.22ಕ್ಕಾದರೆ ಹೆಚ್ಚುವುದು 70 ಕಿಲೋ. ಒಂದು ಮೂಟೆ ಮತ್ತು ಒಂದು ಪೆಟ್ಟಿಗೆ. ಪೆನ್ಸಿಲನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅನುಪಾತ ಮತ್ತು ಸಮಾನುಪಾತ. ಒಂಬತ್ತನೆಯ ತರಗತಿಯಲ್ಲಿ ಈ ಹುಡುಗನಿಗೆ ಅದು ತಲೆಗೆ ಹತ್ತುವುದಿಲ್ಲವೆಂದು ನಾನು ತೀರ್ಮಾನಿಸಿದ್ದೆ.

ಇನ್ನು ತಪ್ಪಿನ ವಿಷಯ. 1989ರ ಏಪ್ರಿಲ್. ನಮ್ಮ ಶಾಲೆಗೆ ಹಿಂದಿನ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ ನೂರು ಫಲಿತಾಂಶ ಬಂದಿತ್ತು. ಅದನ್ನು ಉಳಿಸಿಕೊಳ್ಳಬೇಕೆಂಬ ಹಟ ನಮಗೆಲ್ಲ ಹತ್ತಿತ್ತು. ಹತ್ತರಲ್ಲಿ ಪಾಸಾಗುವುದು ಅನುಮಾನವೆನ್ನಿಸಿದವರನ್ನು ಒಂಬತ್ತರಲ್ಲೇ ತಡೆಯುವುದು ಅದಕ್ಕೆ ಕಂಡುಕೊಂಡ ಉಪಾಯ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಏಳು ಹೆಸರುಗಳ ಪಟ್ಟಿಯಿತ್ತು. ಇವನಿಗೆ ಗಣಿತದಲ್ಲಿ 33 ಬಂದಿತ್ತು. ಪಾಸಾಗಲು 35 ಬೇಕು. ಐದು ಅಂಕಗಳವರೆಗೆ ಕೃಪಾಂಕ ನೀಡುವುದು ನಮ್ಮ ವಾಡಿಕೆಯಾಗಿತ್ತು. ಅದೇ ವರ್ಷ 31 ಬಂದವನೊಬ್ಬನಿಗೆ ನಾನೇ ನೀಡಿದ್ದೆ. ಅವನು ಉಳಿದ ವಿಷಯಗಳಲ್ಲಿ ಚುರುಕಾಗಿದ್ದ. ಇವನಿಗೆ ನೀಡಲಿಲ್ಲ. ಪಟ್ಟಿಗೆ ಸಹಿ ಹಾಕಿದೆ. ಮುಖ್ಯೋಪಾಧ್ಯಾಯರು ಬಲವಂತ ಮಾಡಿದರೆಂದು ಹೇಳಿ ನಾನು ಜಾರಿಕೊಳ್ಳುವಂತಿಲ್ಲ. ಅವರು ಕೇಳಿದರು, ನಾನು ಹಾಕಿದೆ. ಜೂನಿನಲ್ಲಿ ಶಾಲೆ ಆರಂಭವಾದಾಗ ಅವನು ಬರಲಿಲ್ಲ. ಮುಂದಿನ ವರ್ಷವೂ ಶೇಕಡಾ ನೂರು ಬಂತು. ಹಾರ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಅಂದಿನಿಂದ ಅವನು ಎದುರಾದರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಸಿಮೆಂಟು ಹೊತ್ತ ಮರುದಿನವೇ ಕಾರಿನ ಊಳಿನ ಜೊತೆಗೆ ‘ಟಕ್ ಟಕ್’ ಎಂಬ ಸದ್ದೂ ಸೇರಿತು. ಅವನು ಕಾರಿನ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು, “ಚಕ್ರ ಒಂದು ಸುತ್ತು ಬಂದರೆ ಒಂದು ಏಟು. ಕ್ರೌನಿನ ಹಲ್ಲು ಹೋಗಿದೆ. ಪಿನಿಯನ್ನಿನದಾಗಿದ್ದರೆ ಒಂದು ಸುತ್ತಿಗೆ ನಾಲ್ಕೈದು ಏಟು ಕೇಳಿಸಬೇಕಿತ್ತು” ಎಂದ. ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದೆವು. 4.22ರ ಗಂಟು ವಿದ್ಯಾರ್ಥಿನಿಯ ಸಂಬಂಧಿಕರೊಬ್ಬರ ಮನೆಸಾಮಾನಿನ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಮೂಡಿಗೆರೆಗೆ ಬಂದು ಮುಟ್ಟಿದಾಗ 2024ರ ಜನವರಿ.

ಬದಲಿಸುವ ಕೆಲಸಕ್ಕೆ ಹಿಡಿದದ್ದು ಒಂದೇ ದಿನ. ಕಾರನ್ನು ಎತ್ತಿ ಭದ್ರವಾದ ಊರೆಗಳ ಮೇಲೆ ನಿಲ್ಲಿಸಿ, ಎಣ್ಣೆ ಇಳಿಸಿ, ಹಿಂಚಕ್ರಗಳನ್ನೂ ಬ್ರೇಕಿನ ಡ್ರಮ್ಮುಗಳನ್ನೂ ತೆಗೆದೆವು. ಎರಡೂ ಬದಿಯ ಶಾಫ್ಟುಗಳನ್ನು ಡಿಫರೆನ್ಶಿಯಲ್ಲಿನಿಂದ ಬಿಡುವಷ್ಟು ಹೊರಗೆ ಎಳೆದೆವು. ಉದ್ದನೆಯ ಶಾಫ್ಟು ಪಿನಿಯನ್ನಿಗೆ ಕೂಡುವಲ್ಲಿ ಉಳಿಯಿಂದ ಗುರುತು ಹಾಕಿ ನಾಲ್ಕು ಬೋಲ್ಟುಗಳನ್ನು ಬಿಚ್ಚಿದೆವು. ಆಮೇಲೆ ಗಂಟಿನ ಸುತ್ತಲಿನ ಎಂಟು ನಟ್ಟುಗಳು. ಅಷ್ಟೂ ವರ್ಷ ಒಂದೇ ಕಡೆ ಕುಳಿತಿದ್ದ ಗಂಟು ಮರದ ಸುತ್ತಿಗೆಯ ಎರಡು ಪೆಟ್ಟಿಗೆ ಸಡಿಲವಾಯಿತು. ಅವನೂ ಸಹಾಯಕ ಹುಡುಗನೂ ಸೇರಿ ಅದನ್ನು ಹಸುಗೂಸಿನಂತೆ ಹಿಡಿದು ಹೊರತಂದರು. ಕ್ರೌನಿನ ಒಂದು ಹಲ್ಲಿನ ಅರ್ಧಭಾಗ ಹಾರಿಹೋಗಿತ್ತು.

ಸಹಾಯಕ ಹುಡುಗ ಹಲ್ಲುಗಳನ್ನು ಎಣಿಸಿ, “9ಕ್ಕೆ 36 ಮಾಡಿದ್ದರೆ ಲೆಕ್ಕ ಸುಲಭ ಇತ್ತಲ್ಲ ಸಾರ್, 41 ಯಾಕೆ?” ಎಂದು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. 9 ಮತ್ತು 36 ಆದರೆ ಪಿನಿಯನ್ನಿನ ಒಂದು ಹಲ್ಲು ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಸಂಧಿಸುತ್ತಿರುತ್ತದೆ. ಒಂದರ ದೋಷ ಅದೇ ನಾಲ್ಕನ್ನು ಕೊರೆಯುತ್ತದೆ. 9 ಮತ್ತು 41ರ ಮ.ಸಾ.ಅ. 1, ಲ.ಸಾ.ಅ. 369. ಆದ್ದರಿಂದ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸುತ್ತದೆ; ಕ್ರೌನು ಒಂಬತ್ತು ಸುತ್ತು ಬಂದ ಮೇಲೆಯೇ ಹಳೆಯ ಜೋಡಿ ಮತ್ತೆ ಮುಖಾಮುಖಿಯಾಗುವುದು. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. 9 ಮತ್ತು 38, 10 ಮತ್ತು 39 ಇವುಗಳಿಗೂ ಇದೇ ನಿಯಮ. ಮೂವತ್ತು ವರ್ಷ ಮ.ಸಾ.ಅ., ಲ.ಸಾ.ಅ. ಬೋಧಿಸಿದ ನಾನು ಇಂಥ ಒಂದು ಉದಾಹರಣೆಯನ್ನೂ ನಿಮಗೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಕೊನೆಯ ಬೆಂಚಿನ ಕೆಲವರಾದರೂ ತಲೆ ಎತ್ತುತ್ತಿದ್ದರೇನೋ.

ಹೊಸ ಕಾಗದದ ಪ್ಯಾಕಿಂಗು ಇಟ್ಟು ಹೊಸ ಗಂಟನ್ನು ಕೂರಿಸುವಾಗ ಸಂಜೆಯಾಗಿತ್ತು. ಸಹಾಯಕ ಹುಡುಗ ಚಹಾ ತರಲು ಹೋಗಿದ್ದ. ಮೇಸ್ತ್ರಿ ಕಾರಿನ ಕೆಳಗೆ ಮಲಗಿ ನಟ್ಟುಗಳನ್ನು ಬಿಗಿಯುತ್ತಿದ್ದ. ನಾನು ಮಣೆಯ ಮೇಲೆ ಕುಳಿತು ಟಾರ್ಚು ಹಿಡಿದಿದ್ದೆ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಬಹುಶಃ ಅದರಿಂದಲೇ ಬಾಯಿ ಬಂತು.

“ಆ ವರ್ಷ ನಿನ್ನನ್ನು ಒಂಬತ್ತರಲ್ಲಿ ಉಳಿಸಿದ್ದು ನನ್ನ ತಪ್ಪು ಕಣಯ್ಯ.”

“ಟಾರ್ಚು ಸ್ವಲ್ಪ ಎಡಕ್ಕೆ ಹಿಡೀರಿ ಸಾರ್” ಎಂದ.

ಹಿಡಿದೆ. ಇನ್ನೆರಡು ನಟ್ಟು ಬಿಗಿದಾದ ಮೇಲೆ ಕೆಳಗಿನಿಂದಲೇ ಅವನ ದನಿ ಬಂತು.

“ಮೂವತ್ಮೂರು ಬಂದಿತ್ತು ಅಂತ ಗೊತ್ತು ಸಾರ್. ಜವಾನರು ಹೇಳಿದ್ರು. ಬಿಟ್ಟಿದ್ರೂ ಹತ್ತರಲ್ಲಿ ಫೇಲಾಗ್ತಿದ್ದೆನೇನೋ. ಆದ್ರೆ ಫೇಲಾಗಿದ್ರೆ ಅದು ನಾನು ಬರೆದು ಫೇಲಾಗಿದ್ದು ಅಂತಾದ್ರೂ ಇರ್ತಿತ್ತು.”

ನಾನು ಮಾತಾಡಲಿಲ್ಲ. ಅವನೇ ಮುಂದುವರಿಸಿದ. “ನಮ್ಮಪ್ಪ ಸಾಯೋವರೆಗೂ ನಾನು ಓದದೆ ಪೋಲಿ ಬಿದ್ದೆ ಅಂತಲೇ ತಿಳ್ಕೊಂಡಿದ್ರು. ಅದೊಂದೇ ಸಾರ್.”

ಅಷ್ಟೇ. ‘ಪರವಾಗಿಲ್ಲ’ ಎನ್ನಲಿಲ್ಲ, ಬಯ್ಯಲೂ ಇಲ್ಲ. ಹೊರಬಂದು ಕೈ ಒರೆಸಿಕೊಂಡು, ಹೌಸಿಂಗಿನ ಹಿಂದಿನ ತೂತಿನಿಂದ 90ರ ಗೇರೆಣ್ಣೆಯನ್ನು ಹಿಡಿಯುವಷ್ಟು ತುಂಬಿದ; ಒಂದು ಲೀಟರಿನ ಡಬ್ಬಿಯಲ್ಲಿ ಸ್ವಲ್ಪ ಉಳಿಯಿತು. ತೂತಿನ ಅಂಚಿನಿಂದ ಎಣ್ಣೆ ತೊಟ್ಟಿಕ್ಕಿದಾಗ ಬಿರಡೆ ಹಾಕಿದ. ಕೂಲಿ ನಾಲ್ಕು ಸಾವಿರ ಎಂದ. ಕೊಟ್ಟೆ. ಎಣಿಸಿಕೊಂಡು ಜೇಬಿಗಿಟ್ಟ. ‘ಗುರುಗಳಿಂದ ತೆಗೆದುಕೊಳ್ಳಬಾರದು’ ಎಂಬ ಮಾತು ಅವನಿಂದ ಬಾರದಿದ್ದುದು ನನಗೆ ಸಮಾಧಾನವನ್ನೇ ತಂದಿತು. ಕೃಪೆ ತೋರದವನಿಗೆ ಕೃಪೆ ಪಡೆಯುವ ಹಕ್ಕೆಲ್ಲಿಯದು?

ಫೆಬ್ರವರಿಯಲ್ಲಿ ನಾನೂ ಶ್ರೀಮತಿಯೂ ಧರ್ಮಸ್ಥಳಕ್ಕೆ ಹೋಗಿಬಂದೆವು. ಹಿಂದಿರುಗುವಾಗ ಚಾರ್ಮಾಡಿಯ ತಿರುವುಗಳನ್ನು ಕಾರು ಎರಡು ಮೂರನೆಯ ಗೇರುಗಳಲ್ಲೇ ಹತ್ತಿತು. ಒಂದನೆಯದು ಬೇಕಾದದ್ದು ಒಂದೇ ಕಡೆ, ಅದೂ ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತದ್ದರಿಂದ. ಊಳು ಇರಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದೆವು. 3.9 ಹಾಕಿಸಿದ್ದರೆ ಅಂದು ನನ್ನ ಲೆಕ್ಕದ ಕಾಗದ ಘಾಟಿಯ ನಡುವೆ ಕೈಕೊಡುತ್ತಿತ್ತು. ಈಗ ಉಳಿದಿರುವ ತೊಡಕು ಒಂದೇ: ವೇಗಮಾಪಕಕ್ಕೆ ಲೆಕ್ಕ ಸಿಗುವುದು ಗೇರುಪೆಟ್ಟಿಗೆಯಿಂದ, ಹಿಂದೆ ಇರಸು ಬದಲಾದುದು ಅದಕ್ಕೆ ತಿಳಿಯದು. ಮುಳ್ಳು 40 ತೋರಿಸಿದರೆ ನಿಜವಾದ ವೇಗ 43. ಮುಳ್ಳಿನ ಅಂಕಿಯನ್ನು 41ರಿಂದ ಗುಣಿಸಿ 38ರಿಂದ ಭಾಗಿಸಿಕೊಂಡು ಓಡಿಸುತ್ತೇನೆ. ಮುಪ್ಪಿನಲ್ಲಿ ಬಾಯಿಲೆಕ್ಕ ಮರೆಯದಿರಲು ಇದೂ ಒಂದು ಉಪಾಯ.

ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದಾಗ, “ಹೆಸರು ಬೇಡ ಸಾರ್, ಮೂವತ್ಮೂರು ಅನ್ನೋದು ಮಾತ್ರ ಹಾಕಿ” ಎಂದ. ಹಾಕಿದ್ದೇನೆ. ಅವನ ತಂದೆಯವರಿಗೆ ಹೇಳಬೇಕಾದ ಮಾತನ್ನು ಹೇಳಲು ಇನ್ನು ನನಗೆ ದಾರಿಯಿಲ್ಲ. ಅವರ ಬಂಧುಗಳಲ್ಲಿ ಯಾರಾದರೂ ಇದನ್ನು ಓದುವುದಾದರೆ ತಿಳಿಯಲಿ: ಆ ಹುಡುಗ ಓದದೆ ಶಾಲೆ ಬಿಟ್ಟವನಲ್ಲ. ಎರಡು ಅಂಕಗಳಿಗಾಗಿ, ಒಂದು ಶೇಕಡಾವಾರಿಗಾಗಿ, ನಾವು ಅವನನ್ನು ಬಿಡಿಸಿದೆವು. ಪಟ್ಟಿಯಲ್ಲಿದ್ದ ಉಳಿದ ಆರು ಮಂದಿಯಲ್ಲಿ ಇಬ್ಬರು ಎಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಅವರ ಮನೆಗೂ ಹೋಗಬೇಕು. ಕಾರು ಸರಿಯಾಗಿದೆ, ಇನ್ನು ನೆಪವಿಲ್ಲ.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ. ಕೆಲವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ವ್ಯಾಪ್ತಿ ಎಂಟನೆಯ ತರಗತಿಯವರೆಗೆ. ಒಂಬತ್ತು ಅದರ ಹೊರಗಿದೆ. ಅಂಥ ಪಟ್ಟಿಯೊಂದು ಎಂದಾದರೂ ನಿಮ್ಮ ಮೇಜಿಗೆ ಬಂದರೆ, ಸಹಿ ಹಾಕುವ ಮುನ್ನ ಈ ಮುದುಕನನ್ನು ಒಮ್ಮೆ ನೆನೆಯಿರಿ.

ಹಳೆಯ ಕ್ರೌನನ್ನು ಅವನು ಸೀಮೆಎಣ್ಣೆಯಲ್ಲಿ ತೊಳೆದು ನನಗೆ ಕೊಟ್ಟಿದ್ದಾನೆ. ಈಗ ಅದು ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಕುಳಿತಿದೆ. ರಜೆಗೆ ಬರುವ ಮೊಮ್ಮಕ್ಕಳು ಅದರ ಹಲ್ಲುಗಳನ್ನು ಎಣಿಸಿ ಒಮ್ಮೆ 40 ಎನ್ನುತ್ತಾರೆ, ಒಮ್ಮೆ 41. ಮುರಿದ ಹಲ್ಲನ್ನೂ ಸೇರಿಸಿ ಎಣಿಸಬೇಕು ಎಂದು ನಾನು ಹೇಳಿಕೊಡುತ್ತೇನೆ.